ಬಳೆಯೋ, ಕಡಗವೋ?

ದುಬಾರಿ ಕ್ರೀಡಾ ಕೈಗಡಿಯಾರವನ್ನು ಕೊಳ್ಳಲು ಹೊರಟವರಿಗೆ ಕೊನೆಯಲ್ಲಿ ಎದುರಾಗುವ ಪ್ರಶ್ನೆ ಗಡಿಯಾರದ್ದಲ್ಲ, ಅದರ ಚೈನಿನದು. ರೋಲೆಕ್ಸ್ ಸಂಸ್ಥೆಯ ಜಿ.ಎಂ.ಟಿ. ಮಾಸ್ಟರ್ ಅನ್ನೇ ನೋಡಬಹುದು. 2018ರಲ್ಲಿ ಅದರ ನೀಲಿ-ಕೆಂಪು ಅಂಚಿನ ಉಕ್ಕಿನ ಮಾದರಿ ಜುಬಿಲಿ ಎಂಬ ಚೈನಿನೊಡನೆ ಮಾತ್ರ ಮಾರುಕಟ್ಟೆಗೆ ಬಂದಿತು; 2021ರಿಂದ ಆಯ್ಸ್ಟರ್ ಎಂಬ ಇನ್ನೊಂದು ಚೈನಿನೊಡನೆಯೂ ಸಿಗತೊಡಗಿತು. ಒಳಗಿನ ಯಂತ್ರ ಒಂದೇ, ಮುಖವೂ ಒಂದೇ. ಆದರೂ ಇವೆರಡರಲ್ಲಿ ಯಾವುದು ತಕ್ಕದ್ದೆಂಬ ಚರ್ಚೆ ಗಡಿಯಾರಪ್ರಿಯರ ನಡುವೆ ಮುಗಿಯುವುದೇ ಇಲ್ಲ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟೊಂದು ವಾದವೇಕೆ? ಉತ್ತರ ಲೋಹದಲ್ಲಿಲ್ಲ, ಗಂಡಸಿನ ಮಣಿಕಟ್ಟಿನ ಚರಿತ್ರೆಯಲ್ಲಿದೆ.

ಕನ್ನಡದಲ್ಲಿ ಈ ಚರಿತ್ರೆಗೆ ಒಪ್ಪುವ ಎರಡು ಪದಗಳಿವೆ: ಬಳೆ ಮತ್ತು ಕಡಗ. ಎರಡೂ ಕೈಯನ್ನು ಸುತ್ತುವ ಒಡವೆಗಳೇ. ಆದರೆ "ನಾನೇನು ಕೈಗೆ ಬಳೆ ತೊಟ್ಟುಕೊಂಡಿಲ್ಲ" ಎಂದು ಗುಡುಗುವ ಗಂಡಸು ಕಡಗವನ್ನು ಹೆಮ್ಮೆಯಿಂದಲೇ ಧರಿಸುತ್ತಾನೆ. ಬಳೆ ಹೆಣ್ಣಿನ ಅಲಂಕಾರ, ಕಡಗ ಗಂಡಿನ ಪರಾಕ್ರಮಕ್ಕೆ ಸಂದ ಮನ್ನಣೆ ಎಂಬುದು ಆ ಮಾತಿನ ಒಳಗಿರುವ ತೀರ್ಪು. ಯುರೋಪಿನ ಕೈಗಡಿಯಾರವೂ ಇದೇ ತೀರ್ಪಿನ ಕಟಕಟೆಯಲ್ಲಿ ಬಹುಕಾಲ ನಿಂತಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಗಂಡಸರ ಗಡಿಯಾರವಿದ್ದುದು ಜೇಬಿನಲ್ಲಿ. ಕೈಗೆ ಕಟ್ಟುವ ಗಡಿಯಾರ ಹೆಂಗಸರ ಆಭರಣವಾಗಿತ್ತು. ಪಟೆಕ್ ಫಿಲಿಪ್ ಸಂಸ್ಥೆ 1868ರಲ್ಲಿ ತಯಾರಿಸಿದ ಕೈಗಡಿಯಾರವನ್ನು ಧರಿಸಿದವಳು ಹಂಗೇರಿಯ ಒಬ್ಬ ಕೌಂಟೆಸ್. ಗಂಡಸಿನ ಕೈಗೆ ಅದು ಬರಲು ಒಂದು ನೆಪ ಬೇಕಾಯಿತು. ವಿಮಾನ ಹಾರಿಸುವಾಗ ಜೇಬಿಗೆ ಕೈಹಾಕಲಾಗದ ಸಾಂಟೋಸ್ ಡ್ಯೂಮಾಂಟನಿಗಾಗಿ ಕಾರ್ಟಿಯೆ 1904ರಲ್ಲಿ ಕೈಗಡಿಯಾರವೊಂದನ್ನು ರೂಪಿಸಿದ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕಾಲವನ್ನು ಕ್ಷಣಕ್ಷಣಕ್ಕೂ ನೋಡಬೇಕಾದ ಸೈನಿಕರು ಗಡಿಯಾರವನ್ನು ತೊಗಲಿನ ಪಟ್ಟಿಯಿಂದ ಕೈಗೆ ಬಿಗಿದುಕೊಂಡರು. ಯುದ್ಧದಿಂದ ಮರಳಿದವನ ಕೈಯಲ್ಲಿ ಅದನ್ನು ಕಂಡು ನಗುವ ಧೈರ್ಯ ಯಾರಿಗೂ ಇರಲಿಲ್ಲ. ಬಳೆ ಕಡಗವಾದದ್ದು ಹೀಗೆ.

ಗಡಿಯಾರಕ್ಕೆ ಸಿಕ್ಕ ಈ ಮನ್ನಣೆ ಲೋಹದ ಚೈನಿಗೆ ತಾನಾಗಿ ಸಿಗಲಿಲ್ಲ. ತೊಗಲಿನ ಪಟ್ಟಿಯಲ್ಲಿ ಸಿಪಾಯಿತನವಿತ್ತು. ಹೊಳೆಯುವ ಕೊಂಡಿಗಳ ಚೈನು ಮತ್ತೆ ಒಡವೆಯಂತೆಯೇ ಕಾಣುತ್ತಿತ್ತು. ಅದಕ್ಕೆ ಒದಗಿದ ನೆಪ ನೀರು. ಹ್ಯಾನ್ಸ್ ವಿಲ್ಸ್‌ಡಾರ್ಫ್‌ನ ರೋಲೆಕ್ಸ್ 1926ರಲ್ಲಿ ನೀರು ಹೊಗದ ಕವಚವನ್ನು ಮಾಡಿ ಅದಕ್ಕೆ ಸಿಂಪಿಯ ಹೆಸರನ್ನಿಟ್ಟಿತು, ಆಯ್ಸ್ಟರ್ ಎಂದು. ಗಡಿಯಾರ ನೀರಿಗಿಳಿದ ಮೇಲೆ ನೆನೆದು ಕೊಳೆಯುವ ತೊಗಲು ಸಾಲದಾಯಿತು. ಅದೇ ಹೆಸರಿನ ಚೈನು ಮುಂದೆ ಬಂದಿತು: ಮೂರು ಸಾಲು, ಅಗಲವಾದ ಚಪ್ಪಟೆ ಕೊಂಡಿಗಳು, ಅಲಂಕಾರದ ಸೋಂಕಿಲ್ಲದ ರೂಪ. ಇದು ಕೆಲಸಗಾರನ ಚೈನು.

ಜುಬಿಲಿಯ ಹುಟ್ಟು ಬೇರೆ. ಸಂಸ್ಥೆಗೆ ನಲವತ್ತು ತುಂಬಿದ 1945ರಲ್ಲಿ, ಡೇಟ್‌ಜಸ್ಟ್ ಎಂಬ ಚಿನ್ನದ ಗಡಿಯಾರದ ಜೊತೆಗೆ ಅದು ಬಂದಿತು. ಹೆಸರೇ ಹೇಳುವಂತೆ ಹಬ್ಬದ ಚೈನು. ಐದು ಸಾಲು, ನಡುವಿನ ಮೂರು ಸಾಲುಗಳಲ್ಲಿ ಸಣ್ಣ, ದುಂಡನೆಯ ಮಣಿಗಳಂಥ ಕೊಂಡಿಗಳು. ಕೊಂಡಿಗಳು ಚಿಕ್ಕವಾದ್ದರಿಂದ ಅದು ಬಟ್ಟೆಯಂತೆ ಬಾಗಿ ಕೈಗೆ ಒಪ್ಪುತ್ತದೆ. ಆದರೆ ಕೀಲುಗಳು ಹೆಚ್ಚಾದಷ್ಟೂ ಸವೆಯುವ ಜಾಗಗಳೂ ಹೆಚ್ಚು. ಹಳೆಯ ಜುಬಿಲಿ ಚೈನುಗಳು ದಶಕಗಳ ಬಳಕೆಯಲ್ಲಿ ಸಡಿಲಗೊಂಡು ಜೋಲುತ್ತವೆ. ಆಯ್ಸ್ಟರ್ ಅಷ್ಟು ಬೇಗ ಜೋಲದು, ಆದರೆ ಅದರ ಅಗಲ ಕೊಂಡಿಗಳ ಮೇಲೆ ಗೀರುಗಳು ಎದ್ದು ಕಾಣುತ್ತವೆ. ಅಂಗಡಿಯವನು ಈ ಗುಣದೋಷಗಳನ್ನು ಹೇಳುತ್ತಾನೆ; ಒಂದು ಕಡಗವಾಗಿ ಹುಟ್ಟಿತು, ಇನ್ನೊಂದು ಒಡವೆಯಾಗಿ ಹುಟ್ಟಿತು ಎಂಬುದನ್ನು ಹೇಳುವುದಿಲ್ಲ.

1972ರಲ್ಲಿ ಈ ಆಯ್ಕೆಯನ್ನೇ ಇಲ್ಲವಾಗಿಸುವ ಗಡಿಯಾರವೊಂದು ಬಂದಿತು. ಓಡೆಮಾರ್ ಪಿಗೆ ಸಂಸ್ಥೆಗಾಗಿ ಜೆರಾಲ್ಡ್ ಜೆಂಟಾ ರಚಿಸಿದ ರಾಯಲ್ ಓಕ್‌ನಲ್ಲಿ ಚೈನು ಕವಚದಿಂದಲೇ ಹರಿದು ಬರುತ್ತದೆ. ಬೇರೆ ಸಾಮಾನ್ಯ ಪಟ್ಟಿಯನ್ನು ತಂದು ಸಿಕ್ಕಿಸಲು ಬರುವುದಿಲ್ಲ. ಎಂಟು ಮೂಲೆಯ ಅಂಚು, ಎಂಟು ತಿರುಪುಗಳು. ಮುಳುಗುಗಾರರ ಶಿರಸ್ತ್ರಾಣ ತನಗೆ ಸ್ಫೂರ್ತಿ ಎಂದು ಜೆಂಟಾ ಹೇಳಿಕೊಂಡ. ಇಲ್ಲಿಯೂ ಕಡಲಿನದೇ ನೆಪ! ಉಕ್ಕಿನದಾದರೂ ಅದರ ಬೆಲೆ ಅಂದಿನ ಎಷ್ಟೋ ಚಿನ್ನದ ಗಡಿಯಾರಗಳನ್ನು ಮೀರಿತ್ತು. ಹಾಗಾದರೆ ಕೊಳ್ಳುವವನು ಹಣ ತೆತ್ತದ್ದು ಲೋಹಕ್ಕಲ್ಲ, ಕೈಕೆಲಸಕ್ಕೆ. ಆ ಕೈಗಳು ಬಹುಮಟ್ಟಿಗೆ ಅನಾಮಿಕ. ಮೊದಲ ರಾಯಲ್ ಓಕ್‌ನ ಚೈನನ್ನು ಮಾಡಿದ್ದು ಜಿನೀವಾದ ಗೇ ಫ್ರೇರ್ ಎಂಬ ಕಾರ್ಖಾನೆ, 1835ರಷ್ಟು ಹಳೆಯದು. ಹಲವು ಹೆಸರಾಂತ ಸಂಸ್ಥೆಗಳಿಗೆ ಚೈನು ಮಾಡಿಕೊಟ್ಟ ಅದನ್ನು 1998ರಲ್ಲಿ ರೋಲೆಕ್ಸ್ ಕೊಂಡುಕೊಂಡಿತು. ಮುಖದ ಮೇಲೆ ಹೆಸರು ಬರೆಸಿಕೊಂಡವರನ್ನು ಲೋಕ ಬಲ್ಲದು. ಕೊಂಡಿ ಬೆಸೆದವರನ್ನು ಅರಿತವರು ವಿರಳ.

ನಮ್ಮ ನಾಡಿನಲ್ಲಿ ಕೈಗಡಿಯಾರಕ್ಕೆ ಇಂಥ ನೆಪಗಳು ಬೇಕಾಗಲಿಲ್ಲ. ಜಪಾನಿನ ಸಿಟಿಜನ್ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರಗಳ ತಯಾರಿಕೆ ಆರಂಭವಾದ ಮೇಲೆ ಅವು ಮಧ್ಯಮವರ್ಗದ ಮದುವೆಮನೆಗಳನ್ನು ಹೊಕ್ಕವು. ವರೋಪಚಾರದ ತಟ್ಟೆಯಲ್ಲಿ ವಾಚು ಉಂಗುರದ ಪಕ್ಕದಲ್ಲಿಯೇ ಇರುತ್ತಿತ್ತು. ಅದು ಗಂಡಿಗೆ ತೊಡಿಸುವ ಒಡವೆಯೆಂದು ಎಲ್ಲರೂ ಒಪ್ಪಿದ್ದರು. ನಾಚಿಕೆ ಇರಲಿಲ್ಲವೆಂದರೆ ನಿರ್ದೋಷಿಯಾಗಿತ್ತು ಎಂದಲ್ಲ. ಆ ವಾಚಿನ ಬೆಲೆಯನ್ನು ತೆರುತ್ತಿದ್ದವನು ಹೆಣ್ಣಿನ ತಂದೆ. ಗಂಡಸಿನ ಮಣಿಕಟ್ಟು ಅಲ್ಲಿ ಶೌರ್ಯದ ಸೋಗು ಹಾಕಿತು, ಇಲ್ಲಿ ಸಲುಗೆಯಿಂದ ಕೈಚಾಚಿತು.

ಇಂದು ಐಷಾರಾಮಿ ಕ್ರೀಡಾ ಗಡಿಯಾರವನ್ನು ಕಟ್ಟಿದವರಲ್ಲಿ ಹೆಚ್ಚಿನವರು ಕಡಲಾಳಕ್ಕೆ ಇಳಿಯುವವರಲ್ಲ, ವಿಮಾನ ನಡೆಸುವವರೂ ಅಲ್ಲ. ಹಾಗಿದ್ದೂ "ಜುಬಿಲಿ ತುಸು ಒಡವೆಯಂತಿದೆಯಲ್ಲವೇ" ಎಂಬ ಅಳುಕು ಉಳಿದಿದೆ. ಆ ಅಳುಕಿನಲ್ಲಿ ಮಾತನಾಡುವುದು ನಮ್ಮ ಅಭಿರುಚಿಯಲ್ಲ, ಬಳೆಯನ್ನು ಹೀಯಾಳಿಸುವ ಹಳೆಯ ಬೈಗುಳ. ಮುಂಬಯಿ, ಚೆನ್ನೈಗಳ ಬೆವರಿನಲ್ಲಿ ತೊಗಲಿನ ಬೆಲ್ಟು ಬೇಗ ಹಾಳಾಗುವುದರಿಂದ ಲೋಹದ ಚೈನು ನಮಗೆ ಹೇಗೂ ಅನುಕೂಲ. ಎರಡನ್ನೂ ಕೈಗೆ ಹಾಕಿ, ಮಣಿಕಟ್ಟನ್ನು ಬಾಗಿಸಿ ನೋಡಬೇಕು. ಹಗುರವಾಗಿ ಒಪ್ಪಿದ್ದು ಹಬ್ಬದ ಚೈನಾದರೆ ಅದನ್ನೇ ಆರಿಸಬಹುದು. ಒಡವೆಯನ್ನು ಒಡವೆಯೆಂದೇ ಕರೆದು ಸ್ವಂತ ದುಡಿಮೆಯಿಂದ ಕೊಳ್ಳುವವನಿಗೆ ಯುದ್ಧದ ನೆಪವೂ ಬೇಡ, ಮಾವನ ತಟ್ಟೆಯೂ ಬೇಡ.