ಮನೆಯ ನಿಸ್ತಂತು ಜಾಲ: ಸ್ಥಾಪನೆ ಮತ್ತು ಸುರಕ್ಷತೆ

ಸ್ವರೂಪ

ಫೋನ್, ಲ್ಯಾಪ್‌ಟಾಪ್, ಟಿವಿ ಮೊದಲಾದ ಉಪಕರಣಗಳನ್ನು ರೇಡಿಯೊ ಅಲೆಗಳ ಮೂಲಕ ಅಂತರಜಾಲಕ್ಕೆ ಜೋಡಿಸುವ ವ್ಯವಸ್ಥೆಯೇ ಮನೆಯ ನಿಸ್ತಂತು ಜಾಲ. ಬಳಕೆಯ ಮಾತಿನಲ್ಲಿ ಇದು ವೈ-ಫೈ. ಇದರ ಮೊದಲ ತಾಂತ್ರಿಕ ಮಾನಕವಾದ 802.11 ಪ್ರಕಟವಾದದ್ದು 1997ರಲ್ಲಿ.

ಥಾಣೆಯ ವಾಗ್ಳೆ ಎಸ್ಟೇಟ್ ಇಂಥ ಜಾಲಗಳು ಒತ್ತೊತ್ತಾಗಿರುವ ಪ್ರದೇಶ. ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ನಿಗಮದ ಉದಯದ ಸಮಾರಂಭ 1962ರ ಆಗಸ್ಟ್ 1ರಂದು ನಡೆದದ್ದು ಇಲ್ಲಿಯೇ. ಇಂದು ಕಾರ್ಖಾನೆಗಳ ಮಗ್ಗುಲಲ್ಲಿ ಐಟಿ ಕಚೇರಿಗಳಿವೆ. ಕಿಸನ್ ನಗರ, ಸಾವರ್ಕರ್ ನಗರದಂಥ ವಸತಿಗಳಲ್ಲಿ ಮನೆಗೆ ಮನೆ ತಾಗಿಕೊಂಡಿದೆ. ಒಂದು ಮನೆಯ ಅಲೆಗಳು ಗೋಡೆ ದಾಟಿ ನೆರೆಮನೆಯನ್ನು ತಲುಪುತ್ತವೆ. ಸಂಪರ್ಕ ಕುಂಟುವುದಕ್ಕೂ ಜಾಲಕ್ಕೆ ಅನ್ಯರು ನುಸುಳುವುದಕ್ಕೂ ಈ ಒಂದು ಗುಣವೇ ಮೂಲ.

ಅಲೆಗಳ ವರ್ತನೆ

ಸಾಮಾನ್ಯ ರೂಟರ್ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಕಂಪನಾಂಕ ಪಟ್ಟಿಗಳನ್ನು ಬಳಸುತ್ತದೆ. ಮೊದಲನೆಯದರ ತರಂಗಾಂತರ ಸುಮಾರು 12.5 ಸೆಂಟಿಮೀಟರ್, ಇದು ಗೋಡೆಗಳನ್ನು ಹೆಚ್ಚು ಸಲೀಸಾಗಿ ದಾಟುತ್ತದೆ, ಆದರೆ ವೇಗ ಕಡಿಮೆ. ಎರಡನೆಯದರ ತರಂಗಾಂತರ ಸುಮಾರು 6 ಸೆಂಟಿಮೀಟರ್. ವೇಗ ಹೆಚ್ಚು, ವ್ಯಾಪ್ತಿ ಕಡಿಮೆ.

2.4 ಗಿಗಾಹರ್ಟ್ಸ್ ಪಟ್ಟಿಯ ಚಾನೆಲ್‌ಗಳು ಒಂದರ ಮೇಲೊಂದು ಹಾಯ್ದಿರುತ್ತವೆ. ಪರಸ್ಪರ ಅಡ್ಡಬರದಂತೆ ಒಟ್ಟಿಗೆ ಬಳಸಬಹುದಾದವು 1, 6 ಮತ್ತು 11. ಒಂದೇ ಕಟ್ಟಡದ ಹತ್ತಾರು ರೂಟರ್‌ಗಳು ಈ ಮೂರನ್ನೇ ಹಂಚಿಕೊಂಡಾಗ ಪ್ರತಿಯೊಂದೂ ತನ್ನ ಸರದಿಗಾಗಿ ಕಾಯಬೇಕಾಗುತ್ತದೆ. ಜನದಟ್ಟಣೆಯ ವಸತಿಗಳಲ್ಲಿ 5 ಗಿಗಾಹರ್ಟ್ಸ್ ಮೇಲು. ಅಲ್ಲಿ ಚಾನೆಲ್‌ಗಳು ಹೆಚ್ಚು, ನೆರೆಯವರ ಅಲೆಗಳ ಹಾವಳಿ ಕಡಿಮೆ.

ರೂಟರಿನ ಸ್ಥಾನ

ರೂಟರನ್ನು ಮನೆಯ ನಡುಭಾಗದಲ್ಲಿ, ಎದೆಯೆತ್ತರಕ್ಕಿಂತ ಮೇಲೆ, ತೆರೆದ ಜಾಗದಲ್ಲಿ ಇಡಬೇಕು. ಉಕ್ಕಿನ ಕಪಾಟು ಮತ್ತು ದೊಡ್ಡ ಕನ್ನಡಿ ಅಲೆಗಳನ್ನು ಪ್ರತಿಫಲಿಸುತ್ತವೆ. ನೀರಿನ ಡ್ರಮ್ ಅವುಗಳನ್ನು ಹೀರುತ್ತದೆ. ಕಬ್ಬಿಣದ ಸರಳುಗಳಿರುವ ಕಾಂಕ್ರೀಟ್ ಗೋಡೆ ಅಲೆಗಳನ್ನು ಗಣನೀಯವಾಗಿ ಕುಗ್ಗಿಸುತ್ತದೆ. ಸಂಕೇತದ ಬಲವನ್ನು ಅಳೆಯುವ ಉಚಿತ ಆ್ಯಪ್‌ಗಳು ದೊರೆಯುತ್ತವೆ. ಅವುಗಳಲ್ಲಿ ಮೈನಸ್ 50 ಡಿಬಿಎಂ ಉತ್ತಮ ಬಲವನ್ನೂ ಮೈನಸ್ 67 ವಿಡಿಯೊ ಕರೆಗೆ ಸಾಲುವಷ್ಟು ಬಲವನ್ನೂ ಸೂಚಿಸುತ್ತದೆ. ಮೈನಸ್ 80ಕ್ಕೆ ಇಳಿದರೆ ಸಂಪರ್ಕ ತುಂಡಾಗುವ ಸಂಭವ ಹೆಚ್ಚು.

ಸುರಕ್ಷತೆಯ ಏರ್ಪಾಡು

ಗಾಳಿಯಲ್ಲಿ ಸಾಗುವ ಮಾಹಿತಿಯನ್ನು ಗೂಢಲಿಪಿಗೆ ಪರಿವರ್ತಿಸುವುದೇ ಭದ್ರತೆಯ ತಿರುಳು. ಮೊದಲು ಬಂದ ಡಬ್ಲ್ಯುಇಪಿ ವಿಧಾನವನ್ನು ಭೇದಿಸುವ ಬಗೆ 2001ರಲ್ಲೇ ಬಯಲಾಯಿತು. 2004ರಲ್ಲಿ ಡಬ್ಲ್ಯುಪಿಎ2, 2018ರಲ್ಲಿ ಡಬ್ಲ್ಯುಪಿಎ3 ಜಾರಿಗೆ ಬಂದವು. ಇಂದು ರೂಟರಿನಲ್ಲಿ ಕೊನೆಯ ಎರಡರಲ್ಲೊಂದನ್ನು ಮಾತ್ರ ಆರಿಸಬೇಕು.

ರೂಟರಿನ ನಿರ್ವಹಣಾ ಪುಟದ ಪಾಸ್‌ವರ್ಡ್ ಬೇರೆ, ವೈ-ಫೈ ಪಾಸ್‌ವರ್ಡ್ ಬೇರೆ. ಕಾರ್ಖಾನೆಯಿಂದ ಬಂದ ಇವೆರಡನ್ನೂ ಮೊದಲ ದಿನವೇ ಬದಲಿಸಬೇಕು. ಮೊಬೈಲ್ ಸಂಖ್ಯೆ, ಮಕ್ಕಳ ಹೆಸರು ಸುಲಭವಾಗಿ ಊಹೆಗೆ ಸಿಗುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳ ಸಾಲು ಹೆಚ್ಚು ಭದ್ರ.

ಪಾಸ್‌ವರ್ಡ್ ಬದಲು ಪಿನ್ ಅಥವಾ ಗುಂಡಿಯಿಂದ ಉಪಕರಣಗಳನ್ನು ಜೋಡಿಸುವ ಡಬ್ಲ್ಯುಪಿಎಸ್ ಸೌಲಭ್ಯವನ್ನು ನಿಲ್ಲಿಸುವುದು ಲೇಸು. ಅದರ 8 ಅಂಕಿಗಳ ಪಿನ್ ಅನ್ನು ರೂಟರ್ ಎರಡು ತುಂಡುಗಳಾಗಿ ಪರಿಶೀಲಿಸುತ್ತದೆ. ಕೊನೆಯ ಅಂಕಿಯು ಉಳಿದ ಅಂಕಿಗಳಿಂದಲೇ ಲೆಕ್ಕಕ್ಕೆ ಸಿಗುತ್ತದೆ. ಹೀಗಾಗಿ ಮೊದಲ ತುಂಡಿಗೆ 10,000, ಎರಡನೆಯದಕ್ಕೆ 1,000, ಒಟ್ಟು 11,000 ಪ್ರಯತ್ನಗಳೊಳಗೆ ಪಿನ್ ಸಿಕ್ಕಿಬಿಡುತ್ತದೆ. ಈ ದೋಷ 2011ರಲ್ಲಿ ಬೆಳಕಿಗೆ ಬಂತು. ಕಾಲಕಾಲಕ್ಕೆ ತಂತ್ರಾಂಶವನ್ನು ನವೀಕರಿಸುವುದೂ ಅಗತ್ಯ. ಅತಿಥಿಗಳಿಗೆ, ಕ್ಯಾಮೆರಾದಂಥ ಉಪಕರಣಗಳಿಗೆ ಪ್ರತ್ಯೇಕ ಅತಿಥಿ ಜಾಲವಿರಲಿ.

ಸಾನ್ಪಾಡಾ ಪ್ರಕರಣ

2008ರ ಜುಲೈ 26ರಂದು ಅಹಮದಾಬಾದ್ ಸರಣಿ ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಮಾಧ್ಯಮಗಳಿಗೆ ಬೆದರಿಕೆಯ ಇ-ಮೇಲ್ ತಲುಪಿತು. ಅದರ ಜಾಡು ನವಿಮುಂಬಯಿಯ ಸಾನ್ಪಾಡಾದ ಮನೆಯೊಂದರ ವೈ-ಫೈಗೆ ಬಂದು ನಿಂತಿತು. ಅಲ್ಲಿನ ನಿವಾಸಿಗೆ ಕೃತ್ಯದೊಂದಿಗೆ ಸಂಬಂಧವಿರಲಿಲ್ಲ. ಆದರೂ ತನಿಖೆಯನ್ನು ಎದುರಿಸಬೇಕಾಯಿತು. ಹೊರಜಗತ್ತಿಗೆ ಕಾಣುವುದು ಸಂಪರ್ಕ ಪಡೆದವರ ವಿಳಾಸ; ಅದನ್ನು ಬಳಸಿದ ಕೈ ಯಾರದೆಂಬುದು ಅದರಲ್ಲಿ ತೋರುವುದಿಲ್ಲ. ಜಾಲವನ್ನು ಭದ್ರವಾಗಿಡುವುದು ಆದ್ದರಿಂದ ನಾಗರಿಕ ಕರ್ತವ್ಯವೂ ಹೌದು.

ಬಳಕೆ ಮತ್ತು ನಿರ್ವಹಣೆ

ಮನೆಯಿಂದ ಕೆಲಸ, ಆನ್‌ಲೈನ್ ತರಗತಿ, ಬ್ಯಾಂಕ್ ವ್ಯವಹಾರಗಳಿಗೆ ಅಡಚಣೆಯಿಲ್ಲದ ಸಂಪರ್ಕ ಬೇಕು. ಹೆಚ್ಚಿನ ರೂಟರ್‌ಗಳು 12 ವೋಲ್ಟ್‌ನಲ್ಲಿ ನಡೆಯುವುದರಿಂದ ವಿದ್ಯುತ್ ಹೋದಾಗ ಪುಟ್ಟ ಯುಪಿಎಸ್ ಸಾಕು. ಫೈಬರ್ ಪೆಟ್ಟಿಗೆ ಪ್ರತ್ಯೇಕವಾಗಿದ್ದರೆ ಅದಕ್ಕೂ ಬ್ಯಾಟರಿಯ ಆಸರೆ ಇರಬೇಕು. ಒಂದೇ ಕಡೆ ಇರುವ ಟಿವಿ, ಕಂಪ್ಯೂಟರ್‌ಗಳಿಗೆ ಕೇಬಲ್ ಎಳೆದರೆ ಅವುಗಳ ಸಂಪರ್ಕ ಸ್ಥಿರವಾಗುತ್ತದೆ. ಮನೆಯೊಳಗೆ ಓಡಾಡುವ ಫೋನ್‌ಗಳಿಗೆ ಚಾನೆಲ್ ಬಿಡುವಾಗುತ್ತದೆ.