ಜಡ್ಡಾದವರ ಪಕ್ಕ ಕೂತವರು

ಬಸವಕಲ್ಯಾಣ ಎಂದೊಡನೆ ಎಲ್ಲರಿಗೂ ಶರಣರು ನೆನಪಾಗುತ್ತಾರೆ. ಅವರಿಗಿಂತ ಒಂದೆರಡು ತಲೆಮಾರು ಮೊದಲು ಇದೇ ಊರಿನಲ್ಲಿ ಬರೆದ ಒಂದು ಸಂಸ್ಕೃತ ಗ್ರಂಥ, ಮನೆಯಲ್ಲಿ ಜಡ್ಡಾಗಿ ಬಿದ್ದವರನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು ಶತಮಾನಗಳ ಕಾಲ ಹೇಳುತ್ತ ಬಂತು. ಬರೆದವನು ವಿಜ್ಞಾನೇಶ್ವರ. ಆಗ ಕಲ್ಯಾಣವನ್ನು ಆಳುತ್ತಿದ್ದವನು ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ (1076–1126). ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಆ ವ್ಯಾಖ್ಯಾನವೇ ‘ಮಿತಾಕ್ಷರ’. ಅದರ ಆಸ್ತಿಪಾಲಿನ ಭಾಗವನ್ನು ಇಂಗ್ಲಿಷ್ ವಿದ್ವಾಂಸ ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದ. ಅಲ್ಲಿಂದ ಮುಂದೆ ಬ್ರಿಟಿಷ್ ನ್ಯಾಯಾಲಯಗಳು ಬಂಗಾಳದ ಭಾಗವೊಂದನ್ನು ಬಿಟ್ಟರೆ ದೇಶದ ಬಹುಪಾಲು ಹಿಂದೂ ಕುಟುಂಬಗಳ ವ್ಯಾಜ್ಯಗಳನ್ನು ಇದನ್ನೇ ಮುಂದಿಟ್ಟುಕೊಂಡು ತೀರ್ಮಾನಿಸಿದವು.

ಅದರಲ್ಲಿ ಪಾಲಿಲ್ಲದವರ ಒಂದು ಪಟ್ಟಿ ಬರುತ್ತದೆ. ಕುರುಡರು, ಕುಂಟರು, ಬುದ್ಧಿ ಬೆಳೆಯದವರು, ಹುಚ್ಚು ಹಿಡಿದವರು, ವಾಸಿಯಾಗದ ರೋಗವಿದ್ದವರು. ಇವರಿಗೆ ಆಸ್ತಿಯಲ್ಲಿ ಭಾಗವಿಲ್ಲ, ಆದರೆ ಬದುಕಿರುವತನಕ ಅನ್ನ ಬಟ್ಟೆ ಕೊಟ್ಟು ಸಾಕಲೇಬೇಕು. ಸಾಕದವನು ಪತಿತನಾಗುತ್ತಾನೆ ಎಂಬ ಮನುವಿನ ಮಾತನ್ನೂ ವಿಜ್ಞಾನೇಶ್ವರ ಜೊತೆಗಿಡುತ್ತಾನೆ. ಪಾಲಾದ ಮೇಲೆ ಔಷಧದಿಂದ ರೋಗ ವಾಸಿಯಾದರೆ ಅವನ ಭಾಗ ಅವನಿಗೆ ಸಿಗಬೇಕು, ದೋಷವಿಲ್ಲದ ಮಕ್ಕಳಿಗೆ ಪಾಲು ತಪ್ಪಬಾರದು, ಹೆಂಡತಿಗೂ ಅನ್ನವಿರಬೇಕು ಎಂದು ಸೇರಿಸುತ್ತಾನೆ. ಆ ಕಾಲಕ್ಕೆ ಇದರಲ್ಲಿ ಕರುಣೆ ಇತ್ತು, ಅನ್ಯಾಯವೂ ಇತ್ತು. ಅನ್ಯಾಯವನ್ನು 1928ರ ಒಂದು ಕಾಯ್ದೆ ಬಹುಮಟ್ಟಿಗೆ ತೆಗೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಂ ಬಂದ ಮೇಲೆ ರೋಗ, ಅಂಗವೈಕಲ್ಯದ ಕಾರಣಕ್ಕೆ ಯಾರದೂ ಪಾಲು ತಪ್ಪುವಂತಿಲ್ಲ.

ಸಾಕಬೇಕಾದ್ದು ಮನೆ ಎಂದು ಗ್ರಂಥ ಹೇಳಿತು. ಮನೆಯಲ್ಲಿ ಯಾರು ಎಂದು ಹೇಳಲಿಲ್ಲ. ಹೇಳುವ ಅಗತ್ಯ ಅದಕ್ಕೆ ಕಾಣಲಿಲ್ಲ. ಲಕ್ವ ಹೊಡೆದ ಮಾವನಿಗೆ ಗಂಜಿ ಕುಡಿಸಿದ ಸೊಸೆ, ತಿಳಿವಳಿಕೆ ಬೆಳೆಯದ ಮಗನನ್ನು ಮೂವತ್ತು ವರ್ಷ ಬಯಲಿಗೆ ಕರೆದೊಯ್ದ ತಾಯಿ, ಅರ್ಧರಾತ್ರಿ ಎದ್ದು ಹಾಸಿಗೆ ಬದಲಿಸಿದ ಹೆಂಡತಿ, ಇವರ ಹೆಸರು ಯಾವ ಸ್ಮೃತಿಯಲ್ಲೂ ಬರುವುದಿಲ್ಲ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಅದೇ ಅರಮನೆಯಿಂದ ‘ಮಾನಸೋಲ್ಲಾಸ’ ಬರೆದು, ದೀನರು, ಅನಾಥರು, ಆರ್ತರು, ಬಂಧುಗಳನ್ನು ಪೋಷಿಸುವುದನ್ನು ಅರಸನ ಕರ್ತವ್ಯಗಳಲ್ಲಿ ಸೇರಿಸಿದ. ಅಲ್ಲಿಯೂ ಮಾತು ಪೋಷಿಸಿಕೊಳ್ಳುವವರದೇ. ಕಷ್ಟದಲ್ಲಿದ್ದವರ ಪಕ್ಕ ಕೂತವರು ತಮ್ಮ ಸಂಕಟವನ್ನು ಎಲ್ಲಿ ಇಳಿಸಿದರು ಎಂದು ತಿಳಿಯಬೇಕಾದರೆ ಅರಮನೆ ಬಿಟ್ಟು ಹೊರಬರಬೇಕು.

ಹೊರಬಂದರೆ ಮೊದಲು ಸಿಗುವವರು ಶರಣರು. ಅವರ ಸಭೆಯಾದ ಅನುಭವ ಮಂಟಪದ ಚಿತ್ರ ನಮಗೆ ಸಿಗುವುದು ಬಹುಮಟ್ಟಿಗೆ ಹದಿನೈದನೆಯ ಶತಮಾನದ ‘ಶೂನ್ಯಸಂಪಾದನೆ’ಯಂಥ ಕೃತಿಗಳಿಂದ. ಆದರೆ ವಚನಗಳು ಕಣ್ಣೆದುರಿಗಿವೆ. ಮೂವತ್ತಕ್ಕೂ ಹೆಚ್ಚು ಹೆಂಗಸರು ವಚನ ಬರೆದಿದ್ದಾರೆ, ಅವರಲ್ಲಿ ಬಹಳಷ್ಟು ಮಂದಿ ಸಂಸಾರವಂದಿಗರು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕಿದ ಮಾರಯ್ಯ ಒಂದು ದಿನ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಕಳಿಸಿದ್ದು ಗಂಡಹೆಂಡಿರ ನಡುವಿನ ಮಾತು. ಅದು ಎಲ್ಲರ ಮಾತಾಯಿತು. ವೈದ್ಯ ಸಂಗಣ್ಣ ಎಂಬ ಶರಣ ತನ್ನ ಕಸುಬಿನ ರೋಗ, ಮದ್ದುಗಳ ಭಾಷೆಯಲ್ಲೇ ವಚನ ಹೇಳಿದ. ರೋಗಿಯ ಶುಶ್ರೂಷೆಯ ಕುರಿತು ವಚನಕಾರರು ಪಾಠ ಮಾಡಿದರೆಂದು ಹೇಳಿದರೆ ಅದು ಅವರ ಬಾಯಿಗೆ ನಮ್ಮ ಮಾತು ತುರುಕಿದಂತೆ. ಅವರು ಕೊಟ್ಟದ್ದು ಬೇರೆ: ಒಲೆಯ ಮುಂದಿನ ಬದುಕು ನಾಲ್ಕು ಜನರ ಎದುರು ಆಡುವಂಥದ್ದು, ಅದನ್ನು ಹೆಣ್ಣೂ ಆಡಬಹುದು ಎಂಬ ರೂಢಿ.

ಆ ರೂಢಿಯ ದೊಡ್ಡ ಸಭೆ 1160ರ ದಶಕದ ಕಲ್ಯಾಣದ ಗದ್ದಲದಲ್ಲಿ ಚದುರಿಹೋಯಿತು. ಹಳ್ಳಿಯ ಹೆಂಗಸರ ಸಭೆ ಮಾತ್ರ ಯಾರೂ ಚದುರಿಸದಂಥ ಜಾಗದಲ್ಲಿ, ಬೀಸುಕಲ್ಲಿನ ಸುತ್ತ, ನಡೆಯುತ್ತಲೇ ಇತ್ತು.

ಬೀದರ ಸೀಮೆ ಜೋಳದ ರೊಟ್ಟಿಯ ಸೀಮೆ. ಹಿಟ್ಟಿನ ಗಿರಣಿ ಇನ್ನೂ ಬಾರದ ಕಾಲ; ಕೂಡು ಕುಟುಂಬದ ಹೊಟ್ಟೆಗೆ ಆಗುವಷ್ಟು ಹಿಟ್ಟು ದಿನಾ ಬೇಕು. ಕೋಳಿ ಕೂಗುವ ಮೊದಲೇ ಇಬ್ಬರು ಎದುರುಬದುರು ಕೂತು, ಕಾಲು ಚಾಚಿ, ಒಂದೇ ಗೂಟಕ್ಕೆ ಇಬ್ಬರ ಕೈ ಹಾಕುತ್ತಾರೆ. ಒಬ್ಬಳು ಬಿಡುಗೈಯಿಂದ ಹಿಡಿ ಜೋಳ ಕಲ್ಲಿನ ಬಾಯಿಗೆ ಬಿಡುತ್ತಾಳೆ. ಕಲ್ಲು ತಿರುಗತೊಡಗಿದ ಮೇಲೆ ಒಬ್ಬಳು ಹಾಡು ಎತ್ತುತ್ತಾಳೆ, ಇನ್ನೊಬ್ಬಳು ಹಿಡಿಯುತ್ತಾಳೆ. ಮೂರು ಸಾಲಿನ ತ್ರಿಪದಿ ಮುಗಿಯುವಷ್ಟರಲ್ಲಿ ಮುಂದಿನದು ನಾಲಗೆಯ ತುದಿಗೆ ಬಂದಿರುತ್ತದೆ. ಆ ಇಬ್ಬರು ನೆಗೆಣ್ಣಿಯರೇ ಇರಬಹುದು, ಅತ್ತೆ ಸೊಸೆಯೇ ಇರಬಹುದು. ಹಗಲಿನಲ್ಲಿ ಮುಖ ಕೊಟ್ಟು ಹೇಳಲಾಗದ್ದು ಕತ್ತಲಲ್ಲಿ, ಕಲ್ಲಿನ ಸದ್ದಿನ ಮರೆಯಲ್ಲಿ ಹಾಡಾಗಿ ಬರುತ್ತದೆ. ತವರಿನ ಹಂಬಲ, ಬಾರದ ಅಣ್ಣ, ಕೂಸಿನ ಬ್ಯಾನಿ, ಬೈಯುವ ಮನೆ. ಹಾಡಿದವಳು ತನ್ನದೇ ಕಥೆ ಹೇಳಿಕೊಂಡಳೆಂದು ಯಾರೂ ಹಿಡಿಯಲಾರರು, ಪದ ಹಳೆಯದು ತಾನೆ. ಕೇಳಿದವಳಿಗೆ ಮಾತ್ರ ಎಲ್ಲ ತಿಳಿದಿರುತ್ತದೆ.

ಇಂಥ ಹಾಡುಗಳನ್ನು ಹಲಸಂಗಿ ಗೆಳೆಯರು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಬಸವಕಲ್ಯಾಣದ ಗಡಿಯಾಚೆ ಮರಾಠಿಯಲ್ಲಿ ಇದೇ ಕಲ್ಲು, ಇದೇ ನಸುಕು, ಹಾಡಿಗೆ ಮಾತ್ರ ಓವಿ ಎಂಬ ಹೆಸರು. ಪುಣೆಯ ಹೇಮಾ ರಾಯ್ಕರ್ ಮತ್ತು ಗೀ ಪ್ವಾತೆವಾಂ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಓವಿಗಳನ್ನು ಬರೆದಿಟ್ಟರು. ಮನೆಯ ಭಾರ ಹೊತ್ತವರು ತಮ್ಮ ಬಗ್ಗೆ ತಾವೇ ಹೇಳಿಕೊಂಡ ಇಷ್ಟು ದೊಡ್ಡ ದಾಖಲೆ ಜಗತ್ತಿನಲ್ಲಿ ಹೆಚ್ಚಿಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಹೆಂಗಸರ ರಟ್ಟೆಗೆ ವಿಶ್ರಾಂತಿ ಸಿಕ್ಕಿತು, ಅದು ಸಿಗಲೇಬೇಕಿತ್ತು. ಆ ದುಡಿತ ಮರಳಿ ಬರಲಿ ಎಂದು ಬಯಸುವವರು ಒಂದು ದಿನ ಬೀಸಿ ನೋಡಬೇಕು. ಆದರೆ ಗಿರಣಿಯ ಸದ್ದಿನಲ್ಲಿ ಹಾಡಲು ಬರುವುದಿಲ್ಲ. ಡಬ್ಬಿ ಇಟ್ಟು ಬಂದರೆ ಕೆಲಸ ಮುಗಿಯಿತು. ನಸುಕಿನ ಆ ಒಂದು ತಾಸಿಗೆ ಬದಲು ಮತ್ತೊಂದು ತಾಸನ್ನು ಯಾರೂ ಒದಗಿಸಲಿಲ್ಲ.

ಸಂಕಟ ಇಳಿಸುವ ಇನ್ನೊಂದು ಜಾಗ ದೇವರ ಸನ್ನಿಧಿ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರ ದತ್ತ ಜಯಂತಿಯ ದಿನ ಹುಟ್ಟಿದ ಮಾಣಿಕಪ್ರಭುಗಳು ಬಾಲ್ಯವನ್ನು ಕಲ್ಯಾಣದ ಸೋದರಮಾವನ ಮನೆಯಲ್ಲಿ ಕಳೆದು, 1845ರ ಹೊತ್ತಿಗೆ ಹುಮನಾಬಾದ್ ಪಕ್ಕದಲ್ಲಿ ನೆಲೆನಿಂತರು. ಆ ಜಾಗವೇ ಮಾಣಿಕನಗರವಾಯಿತು. ಎಲ್ಲ ಮತಗಳೂ ಸತ್ಯವೆಂಬ ಸಕಲಮತ ಸಿದ್ಧಾಂತ ಅವರದು. 1865ರಲ್ಲಿ ಅವರು ಸಮಾಧಿಸ್ಥರಾದ ಮೇಲೂ ಮಾರ್ಗಶಿರದ ಉತ್ಸವಕ್ಕೆ ಕನ್ನಡ, ಮರಾಠಿ, ತೆಲುಗು ನಾಡಿನ ಜನ ಬಂದು ಸೇರುತ್ತಾರೆ. ಮುಂದೆ ಸಂಸ್ಥಾನ ಅಲ್ಲಿ ಅಂಧ ಮಕ್ಕಳಿಗೆ ವಸತಿ ಶಾಲೆಯನ್ನೂ ನಡೆಸಿತು. ವಿಜ್ಞಾನೇಶ್ವರನ ಪಟ್ಟಿಯಲ್ಲಿ ಪಾಲಿಲ್ಲದೆ ನಿಂತಿದ್ದವರಂಥ ಮಕ್ಕಳು ಅವನ ಕಲ್ಯಾಣದಿಂದ ಅಷ್ಟೇನೂ ದೂರವಿಲ್ಲದ ಊರಿನಲ್ಲಿ ಓದು ಕಲಿಯುವುದು ಸಣ್ಣ ಸಂಗತಿಯಲ್ಲ.

ದತ್ತ ಪರಂಪರೆಯ ದೊಡ್ಡ ಕ್ಷೇತ್ರ ಗಾಣಗಾಪುರ, ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ಅಮರಜಾ ಸಂಗಮದಲ್ಲಿದೆ. ಗಾಳಿ ಹಿಡಿದಿದೆ ಎಂದು ಮನೆಯವರು ನಂಬಿದವರನ್ನು ತಲೆಮಾರುಗಳಿಂದ ಇಲ್ಲಿಗೆ ಕರೆತರುತ್ತಾರೆ. ಆರತಿಯ ಹೊತ್ತಿಗೆ ಕೆಲವರು ಕಂಬ ಹತ್ತಿ ಕೂಗುತ್ತಾರೆ, ಕೆಳಗೆ ತಾಯಿ ಸೀರೆ ಸೆರಗು ಸರಿಮಾಡುತ್ತ ನಿಲ್ಲುತ್ತಾಳೆ. ಮಧ್ಯಾಹ್ನ ಮಧುಕರಿಗೆ ಮನೆ ಮನೆ ತಿರುಗಿ ಬಂದು, ಮರದ ನೆರಳಿನಲ್ಲಿ ಉಣ್ಣುತ್ತ ಪಕ್ಕದವರನ್ನು ಕೇಳುತ್ತಾಳೆ: “ಯಾವ ಊರ್ರೀ ನಿಮ್ದು? ಬಂದು ಎಷ್ಟ್ ದಿನ ಆಯ್ತ್ರೀ?” ಇಷ್ಟರಲ್ಲೇ ಬಹಳಷ್ಟು ಆಗಿಹೋಗುತ್ತದೆ. ಊರಿನಲ್ಲಿ ಬಾಗಿಲು ಹಾಕಿ ಮುಚ್ಚಿಟ್ಟ ಸಂಗತಿಯನ್ನು ಇಲ್ಲಿ ಮುಚ್ಚಬೇಕಾಗಿಲ್ಲ, ಸುತ್ತ ಕೂತವರೆಲ್ಲ ಅದೇ ಬಾಗಿಲು ದಾಟಿ ಬಂದವರು.

ಇದರಿಂದ ರೋಗ ವಾಸಿಯಾಗುತ್ತದೆ ಎಂದು ಹೇಳುವಂತಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಬಳಿಯ ಆಶ್ರಯ ಮನೆಯೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿದ್ದ 28 ಮನೋರೋಗಿಗಳು ಸುಟ್ಟು ಸತ್ತರು. ದೇವರ ಹೆಸರಿನಲ್ಲಿ ಕಟ್ಟಿಹಾಕುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಅದಕ್ಕೆ ಉತ್ತರವಾಗಿ ಕಂಡದ್ದು ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದ ದಾರಿ: ದುವಾ ನಡೆಯುವ ಆವರಣದಲ್ಲೇ ಮನೋವೈದ್ಯರ ದವಾ. ಬಂದವರ ಗುಂಪನ್ನು ಚದುರಿಸದೆ ಅದರ ನಡುವೆ ಔಷಧ ತಂದಿಟ್ಟ ಆ ಕ್ರಮದಲ್ಲಿ ವಿವೇಕವಿದೆ.

ಬಂದವರನ್ನು ಚದುರಿಸದ ಈ ವಿವೇಕ ಆಸ್ಪತ್ರೆಗಳಿಗೆ ಮೊದಲು ಇರಲಿಲ್ಲ. ನಿಜಾಮರ ಕಾಲದಲ್ಲಿ ಬೀದರ ಸೀಮೆಯ ಸರ್ಕಾರಿ ಹುಚ್ಚಾಸ್ಪತ್ರೆ ದೂರದ ಜಾಲ್ನಾದಲ್ಲಿತ್ತು, 1953ರಲ್ಲಿ ಹೈದರಾಬಾದಿನ ಎರ್ರಗಡ್ಡಕ್ಕೆ ಬಂತು. ರೋಗಿಯನ್ನು ಒಳಗೆ ಬಿಟ್ಟು ಮನೆಯವರು ಹೊರಗುಳಿಯುವುದು ಅಂಥ ಆಸ್ಪತ್ರೆಗಳ ಹಳೆಯ ಪದ್ಧತಿ. ಅದನ್ನು ಮೊದಲು ಮುರಿದವರು ಅಮೃತಸರದ ಡಾ. ವಿದ್ಯಾಸಾಗರ್. 1950ರ ದಶಕದಲ್ಲಿ ಅವರು ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡರು, ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತಾಡಿದರು. ರೋಗ ಶಾಪವಲ್ಲವೆಂದು ವೈದ್ಯರು ಹೇಳಿದ್ದಕ್ಕಿಂತ, ಪಕ್ಕದ ಡೇರೆಯ ಹುಡುಗ ಸುಧಾರಿಸಿದ್ದನ್ನು ಕಣ್ಣಾರೆ ಕಂಡದ್ದು ಹೆಚ್ಚು ಕೆಲಸ ಮಾಡಿರಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನ ಕುಟುಂಬ ವಾರ್ಡು ಈ ಬಳ್ಳಿಯದೇ ಚಿಗುರು. ಅಲ್ಲಿ ಆರ್.ಎಸ್. ಭಟ್ಟಿ, ಎನ್. ಜಾನಕಿರಾಮಯ್ಯ ಮತ್ತು ಎಸ್.ಎಂ. ಚನ್ನಬಸವಣ್ಣ ಹಲವು ಕುಟುಂಬಗಳನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವುದನ್ನೇ ಚಿಕಿತ್ಸೆಯ ಕ್ರಮವಾಗಿ ಬೆಳೆಸಿ, 1980ರ ದಶಕದ ಆರಂಭದಲ್ಲಿ ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಬರೆದರು. 1981ರಲ್ಲಿ ಅಲ್ಲಿಯ ಶೈಲಾ ಪೈ ಮತ್ತು ಆರ್.ಎಲ್. ಕಪೂರ್ ಇನ್ನೊಂದು ಮುಖ್ಯ ಕೆಲಸ ಮಾಡಿದರು: ರೋಗಿಯ ಮನೆಯವರು ಹೊರುವ ಭಾರವನ್ನು ಅಳೆಯಲು ಪ್ರಶ್ನಾವಳಿ ರೂಪಿಸಿದರು. ಹಣ ಎಷ್ಟು ಹೋಯಿತು, ಮನೆಗೆಲಸ ಎಲ್ಲಿ ತಪ್ಪಿತು, ಬಿಡುವು ಉಳಿಯಿತೇ, ಮನೆಯೊಳಗಿನ ಮಾತುಕತೆ ಹೇಗಿದೆ, ಉಳಿದವರ ಮೈ ಹೇಗಿದೆ, ಮನಸ್ಸು ಹೇಗಿದೆ. ಬೇರೆ ದೇಶಗಳ ಸಂಶೋಧಕರೂ ಈ ಪ್ರಶ್ನಾವಳಿಯನ್ನು ಬಳಸಿದ್ದಾರೆ. ಮಿತಾಕ್ಷರ ಕೇಳದೆ ಬಿಟ್ಟ ಪ್ರಶ್ನೆಯನ್ನು ಕರ್ನಾಟಕದಲ್ಲೇ ಕೂತು ಕೇಳಿದಂತಾಯಿತು.

ಕಾನೂನೂ ಈಗ ನೋಡಿಕೊಳ್ಳುವವರ ಹೆಸರು ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಾಡುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯ ಜೊತೆ ವಾಸವಿದ್ದು ಅವರನ್ನು ನೋಡಿಕೊಳ್ಳುವ ಹೊಣೆ ಹೊತ್ತವರು, ಕೂಲಿ ಪಡೆದರೂ ಪಡೆಯದಿದ್ದರೂ, ಆರೈಕೆದಾರರು.

ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಅಡಿಗಲ್ಲು ಬಿತ್ತು. 770 ಕಂಬಗಳ ಯೋಜನೆ ಅದು. ಇತ್ತ ರಾಜ್ಯದ ಮನೋಚೈತನ್ಯ ಯೋಜನೆಯಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. ಬಾಗಿಲಲ್ಲಿ ಸಾಲು ನಿಂತವರಲ್ಲಿ ಚೀಟಿ ಇರುವುದು ರೋಗಿಯ ಹೆಸರಿಗೆ, ಅದನ್ನು ಹಿಡಿದದ್ದು ಇನ್ನೊಬ್ಬರ ಕೈ. ಆ ಕೈಗಳಿಗೆ ತಿಂಗಳಿಗೊಂದು ಮಂಗಳವಾರ ಆಸ್ಪತ್ರೆಯ ಒಂದು ಕೋಣೆ, ಒಂದು ಜಮಖಾನೆ, ಮಾತು ಹಿಡಿದು ನಡೆಸಬಲ್ಲ ಒಬ್ಬ ಕಾರ್ಯಕರ್ತೆ ಸಿಗಬೇಕು. ಬೆಂಗಳೂರಿನ ವಾರ್ಡಿನಲ್ಲಿ ನಾಲ್ಕು ದಶಕಗಳ ಹಿಂದೆ ಮಾಡಿ ತೋರಿಸಿದ್ದನ್ನು ಹುಮನಾಬಾದಿನಲ್ಲಿ ಮಾಡಲು ಹೊಸ ಕಟ್ಟಡದ ಅಗತ್ಯವಿಲ್ಲ.