ಚುಖಾ: ಹಣ ಕೊಟ್ಟವನೇ ಗಿರಾಕಿ

ಭೂತಾನಿನ ವಾಂಗ್‌ಛು ನದಿಯ ಚುಖಾ ಯೋಜನೆಗೆ ಒಪ್ಪಂದವಾದದ್ದು 1974ರಲ್ಲಿ. 336 ಮೆಗಾವಾಟ್‌ನ ಆ ಸ್ಥಾವರಕ್ಕೆ ಭಾರತವಿತ್ತ ಹಣದಲ್ಲಿ ಶೇ. 60 ಅನುದಾನ, ಶೇ. 40 ಸಾಲ. 1986ರಿಂದ ಹರಿದ ವಿದ್ಯುತ್ತು, ಕಲ್ಲಿದ್ದಲನ್ನೇ ನೆಚ್ಚಿದ್ದ ಪೂರ್ವ ಭಾರತದ ಜಾಲಕ್ಕೆ ಆಸರೆಯಾಯಿತು.

ಹಣ ಕೊಟ್ಟವನೇ ಏಕೈಕ ಗಿರಾಕಿ. ಹಾಗಾಗಿ ದರ ನಿಗದಿಯಾದದ್ದು ಪೇಟೆಯಲ್ಲಲ್ಲ, ಎರಡು ಸರ್ಕಾರಗಳ ಮಾತುಕತೆಯಲ್ಲಿ. ಇದನ್ನು ಬರಿಯ ಔದಾರ್ಯವೆಂದು ಬಣ್ಣಿಸುವ ನಮ್ಮ ರೂಢಿಯನ್ನು ನಾನೊಪ್ಪಲಾರೆ. ಅದೇ ನದಿಗೆ 2006–07ರಲ್ಲಿ 1020 ಮೆಗಾವಾಟ್‌ನ ತಾಲಾ ಬಂದಿತು. ಆದರೆ ಎರಡಕ್ಕೂ ದೊಡ್ಡ ಜಲಾಶಯವಿಲ್ಲ. ಮಳೆಗಾಲದಲ್ಲಿ ತುಂಬಿ ಹರಿಯುವ ವಾಂಗ್‌ಛು ಚಳಿಗಾಲಕ್ಕೆ ಸೊರಗುತ್ತದೆ. ಆಗ ಮಾರುವ ದೇಶವೇ ಕೊಳ್ಳಬೇಕು. 2022ರ ಜನವರಿಯಲ್ಲಿ ಭೂತಾನ ಮೊದಲ ಬಾರಿಗೆ ಭಾರತದ ವಿದ್ಯುತ್ ವಿನಿಮಯ ಕೇಂದ್ರದಲ್ಲಿ, ಉಳಿದ ಗಿರಾಕಿಗಳಂತೆಯೇ ಬಿಡ್ ಸಲ್ಲಿಸಿ, ವಿದ್ಯುತ್ತು ಕೊಂಡಿತು.